ಮುಳುಗಿದ ಊರಿನ ಮನೆ ಕನಸಿನಲ್ಲಿ ಬರುತ್ತದೆ: ಅದು ಬೇರೊಂದು ಲೋಕವೇ?

ಪ್ರಶ್ನೆ (ಶಿಕ್ಷಕಿ, ಕೊಪ್ಪಳ ಜಿಲ್ಲೆ):

ಡಾಕ್ಟರ್ ಅವರಿಗೆ ನಮಸ್ಕಾರ. ನಮ್ಮಜ್ಜಿಯ ತವರೂರು ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಒಂದು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಅದು ನೀರಿನ ಕೆಳಗೆ ಹೋಗಿತ್ತು. ಆದರೂ ಆರೇಳು ವರ್ಷಗಳಿಂದ ತಿಂಗಳಿಗೆ ಒಂದೆರಡು ಸಲವಾದರೂ ಅಲ್ಲಿಯ ಮನೆ ನನ್ನ ಕನಸಿನಲ್ಲಿ ಬರುತ್ತದೆ. ಹೊಸ್ತಿಲು ದಾಟಿದರೆ ಪಡಸಾಲೆ, ಎಡಕ್ಕೆ ಮಾಳಿಗೆಗೆ ಹತ್ತುವ ಕಲ್ಲಿನ ಮೆಟ್ಟಿಲು, ಒಳಗಿನ ಗೋಡೆಯಲ್ಲಿ ದೀಪ ಇಡುವ ಗೂಡು, ಗೂಡಿನ ಮೇಲೆ ಹೊಗೆಯ ಕಪ್ಪು. ಪ್ರತಿ ಸಲವೂ ಅದೇ ಮನೆ. ಹೋದ ತಿಂಗಳು ಅಜ್ಜಿಯ ತಮ್ಮ, ನಮ್ಮ ಸಣ್ಣಜ್ಜ, ಬಂದಿದ್ದಾಗ ಇದನ್ನೆಲ್ಲ ಹೇಳಿದೆ. “ಹೌದವ್ವಾ, ಮೆಟ್ಟಿಲು ಎಡಕ್ಕೇ ಇದ್ದವು” ಎಂದು ಅವರು ಕಣ್ಣೊರೆಸಿಕೊಂಡರು. ಅಂದಿನಿಂದ ನನಗೆ ಒಂದೇ ಯೋಚನೆಯಾಗಿದೆ. ಸಮಾನಾಂತರ ಜಗತ್ತುಗಳಿರಬಹುದೆಂದು ವಿಜ್ಞಾನಿಗಳೇ ಹೇಳುತ್ತಾರಲ್ಲ, ಅಂಥ ಒಂದು ಜಗತ್ತಿನಲ್ಲಿ ಆ ಊರು ಮುಳುಗದೆ ಉಳಿದಿದ್ದು, ನಿದ್ರೆಯಲ್ಲಿ ನಾನು ಅಲ್ಲಿಗೆ ಹೋಗಿ ಬರುತ್ತಿರಬಹುದೇ?

ಉತ್ತರ (ಮನೋವೈದ್ಯರು, ಬಳ್ಳಾರಿ):

ಮೇಡಂ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. “ಬರೀ ಕನಸು” ಎಂದು ಇದನ್ನು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ನೀವು ಪಟ್ಟ ಅನುಭವ ನಿಜವಾದುದು. ಆದರೆ ಅನುಭವ ನಿಜವೇ ಎಂಬುದು ಒಂದು ಪ್ರಶ್ನೆ, ಅದರಲ್ಲಿ ಕಂಡ ಜಾಗ ನಮ್ಮ ಹೊರಗೆ ಎಲ್ಲಿಯಾದರೂ ಇದೆಯೇ ಎಂಬುದು ಇನ್ನೊಂದು ಪ್ರಶ್ನೆ. ನಮ್ಮ ಭಾಷೆಯೇ ಇವೆರಡನ್ನೂ ಬೆರೆಸಿಬಿಡುತ್ತದೆ. ಮಳೆ ಬಿತ್ತು ಎನ್ನುವಂತೆಯೇ ಕನಸು ಬಿತ್ತು ಎನ್ನುತ್ತೇವೆ, ಅದು ಎಲ್ಲಿಂದಲೋ ಬಂದ ಹಾಗೆ. ಕನಸು ಕಂಡೆ ಎಂದೂ ಹೇಳುತ್ತೇವೆ, ಇದ್ದುದನ್ನು ನೋಡಿ ಬಂದ ಹಾಗೆ.

ನಿಮ್ಮಜ್ಜಿಯ ಊರನ್ನು ಮುಳುಗಿಸಿದ ಅಣೆಕಟ್ಟು ಪೂರ್ಣಗೊಂಡ 1953ರಲ್ಲಿಯೇ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಅವರು, ನಿದ್ರೆಯ ನಡುನಡುವೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣಾಲಿಗಳು ಸರಸರನೆ ಓಡಾಡುವ ಒಂದು ಘಟ್ಟವಿದೆಯೆಂದೂ, ಆ ಹೊತ್ತಿನಲ್ಲಿ ಎಬ್ಬಿಸಿದವರು ಹೆಚ್ಚಾಗಿ ಕನಸನ್ನು ವಿವರಿಸುತ್ತಾರೆಂದೂ ವರದಿ ಮಾಡಿದರು. ಇದನ್ನೇ ಈಗ ರೆಮ್ ನಿದ್ರೆ ಎನ್ನುತ್ತೇವೆ. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಈ ಘಟ್ಟ ರಾತ್ರಿ ಕಳೆದಂತೆ ಉದ್ದವಾಗುತ್ತ ಹೋಗುತ್ತದೆ. ಬೆಳಗಿನ ಜಾವದ ಕನಸಿಗೆ ನಮ್ಮ ಹಿರಿಯರು ವಿಶೇಷ ಬೆಲೆ ಕೊಟ್ಟದ್ದಕ್ಕೆ ಅದು ಉದ್ದವಾಗಿರುವುದೂ, ಎದ್ದ ಕೂಡಲೇ ನೆನಪಿಗೆ ಸಿಗುವುದೂ ಕಾರಣವಾಗಿರಬೇಕೆಂದು ನನ್ನ ಭಾವನೆ. ಈ ಘಟ್ಟದಲ್ಲಿ ದೃಶ್ಯ ಮತ್ತು ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಚುರುಕಾಗಿರುತ್ತವೆ, “ಇದು ಹೇಗೆ ಸಾಧ್ಯ?” ಎಂದು ತಡೆದು ಕೇಳುವ, ಹಣೆಯ ಹಿಂದಿನ ಭಾಗದ ಕೆಲಸ ತಗ್ಗಿರುತ್ತದೆ. ಕನಸು ಎಚ್ಚರದಷ್ಟೇ ಗಟ್ಟಿಯಾಗಿ ತೋರುವುದು ಇದರಿಂದ. ಸಂಶಯ ಪಡಬೇಕಾದವನು ಆ ಹೊತ್ತಿನಲ್ಲಿ ತೂಕಡಿಸುತ್ತಿರುತ್ತಾನೆ.

ಕನಸು ಕಾಣುವವರು ಬೇರೆ ಕಡೆಗೆ ಹೋಗಿರುತ್ತಾರೆಯೇ ಎಂಬುದಕ್ಕೆ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬಹಳ ಹತ್ತಿರದ ಮಾತು ಹೇಳುತ್ತದೆ. ಅಮೆರಿಕ, ಫ್ರಾನ್ಸ್, ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್‌ನ ಪ್ರಯೋಗಾಲಯಗಳು 36 ಜನರನ್ನು ಮಲಗಿಸಿ, ಅವರು ರೆಮ್ ನಿದ್ರೆಯಲ್ಲಿದ್ದಾಗಲೇ ಪ್ರಶ್ನೆ ಕೇಳಿದವು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಕೇಳಿದಾಗ, ತಾನು ಕನಸಿನಲ್ಲಿದ್ದೇನೆ ಎಂಬ ಅರಿವಿದ್ದ ಒಬ್ಬರು, ಮೊದಲೇ ಒಪ್ಪಿಕೊಂಡ ಸಂಜ್ಞೆಯಂತೆ, ನಿದ್ರೆಯಲ್ಲಿಯೇ ಕಣ್ಣನ್ನು ಎರಡು ಸಲ ಹೊರಳಿಸಿ ಉತ್ತರಿಸಿದರು. ಎಲ್ಲರೂ ಹೀಗೆ ಉತ್ತರಿಸಲಿಲ್ಲ, ಆದರೆ ಕೆಲವರು ಉತ್ತರಿಸಿದ್ದೇ ಸಾಕು: ಕನಸು ನಡೆಯುತ್ತಿರುವಾಗಲೂ ಕಾಣುವವರು ಈ ಮಂಚದ ಮೇಲೆಯೇ, ಈ ಕಿವಿಗಳೊಡನೆಯೇ ಇದ್ದರು.

ಇನ್ನೊಂದು ಸಂಗತಿ. ಹುಟ್ಟಿನಿಂದ ದೃಷ್ಟಿಯಿಲ್ಲದವರ ಕನಸು ಸಾಮಾನ್ಯವಾಗಿ ಶಬ್ದ, ಸ್ಪರ್ಶ ಮತ್ತು ವಾಸನೆಗಳಿಂದ ತುಂಬಿರುತ್ತದೆ. ಬೆಳೆದ ಮೇಲೆ ದೃಷ್ಟಿ ಕಳೆದುಕೊಂಡವರ ಕನಸಿನಲ್ಲಿ ಚಿತ್ರಗಳು ಉಳಿದಿರುತ್ತವೆ. ಕನಸು ಬೇರೊಂದು ಲೋಕಕ್ಕೆ ತೆರೆದ ಕಿಟಕಿಯಾಗಿದ್ದರೆ ಈ ವ್ಯತ್ಯಾಸ ಇರಬೇಕಾಗಿರಲಿಲ್ಲ. ನಾವು ಕೂಡಿಟ್ಟುಕೊಂಡ ಸಾಮಾನಿನಿಂದಲೇ ಅದು ಮನೆ ಕಟ್ಟುತ್ತದೆ.

ಜಗತ್ತು ಕವಲೊಡೆಯುತ್ತ ಹೋಗುತ್ತದೆ ಎಂಬ, ಸಮಾನಾಂತರ ಜಗತ್ತುಗಳ ವಿಚಾರವನ್ನು 1957ರಲ್ಲಿ ಭೌತವಿಜ್ಞಾನದೊಳಗೆ ತಂದವರು ಹ್ಯೂ ಎವರೆಟ್. ಅದನ್ನು ಒಪ್ಪುವವರೂ ಒಪ್ಪದವರೂ ಇಂದಿಗೂ ಇದ್ದಾರೆ. ಒಪ್ಪಿದರೂ ನಿಮ್ಮ ಕನಸಿಗೆ ಅದರಿಂದ ಸಹಾಯವಿಲ್ಲ, ಏಕೆಂದರೆ ಒಮ್ಮೆ ಕವಲೊಡೆದ ಜಗತ್ತುಗಳ ನಡುವೆ ಹೋಗಿಬರಲು ದಾರಿಯಿರುವುದಿಲ್ಲ ಎಂಬುದನ್ನು ಆ ಸಿದ್ಧಾಂತವೇ ಹೇಳುತ್ತದೆ.

ಉಳಿದದ್ದು ಎಡಗಡೆಯ ಮೆಟ್ಟಿಲು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ನಿಮ್ಮ ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದು, ಹೇಳಿದರೆಂಬುದೇ ಮರೆತುಹೋಗಿ, ಒಳಗೆ ಉಳಿದಿರಬಹುದು. ನೀವು “ಎಡಕ್ಕೆ” ಎಂದ ಮೇಲೆ ಸಣ್ಣಜ್ಜನವರ ಎಪ್ಪತ್ತು ವರ್ಷ ಹಿಂದಿನ ನೆನಪು ಅದಕ್ಕೆ ಹೊಂದಿಕೊಂಡಿರಲೂಬಹುದು. ಅದು ಸುಳ್ಳಲ್ಲ, ನೆನಪಿನ ಸ್ವಭಾವವೇ ಹಾಗೆ. ಆದ್ದರಿಂದ ಒಂದು ಕೆಲಸ ಮಾಡಿ. ದಿಂಬಿನ ಪಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಮುಂದಿನ ಸಲ ಆ ಮನೆ ಕಂಡಾಗ, ಯಾರೊಡನೆಯೂ ಮಾತನಾಡುವ ಮೊದಲು, ಕಂಡದ್ದೆಲ್ಲವನ್ನೂ ಬರೆದು ನಕ್ಷೆ ಹಾಕಿ. ಹೊಂದುವ ವಿವರದಷ್ಟೇ ಹೊಂದದ ವಿವರವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ (ನಿವೃತ್ತ ಸಂಸ್ಕೃತ ಅಧ್ಯಾಪಕರು, ಗಂಗಾವತಿ):

ವೈದ್ಯರೇ, ಬೃಹದಾರಣ್ಯಕೋಪನಿಷತ್ತು ಸ್ವಪ್ನವನ್ನು ಇಹ ಮತ್ತು ಪರಲೋಕಗಳ ನಡುವಣ ಸಂಧ್ಯಾಸ್ಥಾನವೆಂದು ಕರೆದಿದೆ. ಅಲ್ಲಿ ನಿಂತವನು ಎರಡನ್ನೂ ನೋಡುತ್ತಾನೆ ಎನ್ನುತ್ತದೆ. ಇದಕ್ಕೆ ತಮ್ಮ ವಿಜ್ಞಾನದಲ್ಲಿ ಜಾಗವಿಲ್ಲವೇ?

ಉತ್ತರ:

ಗುರುಗಳೇ, ನಾನು ಓದಿಕೊಂಡದ್ದು ತಮ್ಮ ಮುಂದೆ ಅಲ್ಪ. ಆದರೂ ನಾಲ್ಕನೆಯ ಅಧ್ಯಾಯದ ಅದೇ ಬ್ರಾಹ್ಮಣದಲ್ಲಿ, ಅಂದರೆ ಅದೇ ಭಾಗದಲ್ಲಿ, ತಾವು ಹೇಳಿದ ಮಂತ್ರದ ಬೆನ್ನಿಗೇ, ಅಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳಿಲ್ಲ, ಅವನೇ ರಥಗಳನ್ನೂ ಕುದುರೆಗಳನ್ನೂ ದಾರಿಗಳನ್ನೂ ಸೃಷ್ಟಿಸಿಕೊಳ್ಳುತ್ತಾನೆ ಎಂಬ ಮಾತು ಬರುತ್ತದೆ. ನಿದ್ರೆಯ ಕುರಿತು ನಾನು ಓದಿದ ಎಷ್ಟೋ ಪ್ರಬಂಧಗಳಿಗಿಂತ ಈ ಒಂದು ವಾಕ್ಯ ಕನಸಿನ ಸ್ವಭಾವವನ್ನು ಚೆನ್ನಾಗಿ ಹಿಡಿದಿದೆ. ಕನಸು ಎಚ್ಚರಕ್ಕೆ ಸಮವಲ್ಲ, ಏಕೆಂದರೆ ಎದ್ದ ಮೇಲೆ ಕನಸು ಬಾಧಿತವಾಗುತ್ತದೆ, ಅಂದರೆ ನಿಜವಲ್ಲವೆಂದು ತಿಳಿದುಬಿಡುತ್ತದೆ, ಎಂದು ಶಂಕರರು ಬ್ರಹ್ಮಸೂತ್ರದ “ವೈಧರ್ಮ್ಯಾಚ್ಚ ನ ಸ್ವಪ್ನಾದಿವತ್” ಎಂಬಲ್ಲಿ ವಾದಿಸುತ್ತಾರೆ. ಶಂಕರರ ಗುರುವಿನ ಗುರುವಾದ ಗೌಡಪಾದರು ಎರಡನ್ನೂ ಒಂದೇ ತಕ್ಕಡಿಯಲ್ಲಿಡುತ್ತಾರೆ ನಿಜ, ಆದರೆ ಅವರು ಕನಸನ್ನು ಎರಡನೆಯ ಸತ್ಯಲೋಕವೆಂದು ಮೇಲೇರಿಸುವುದಿಲ್ಲ, ಎಚ್ಚರವನ್ನೇ ಕೆಳಗಿಳಿಸುತ್ತಾರೆ. ಆ ವಾದವನ್ನು ಪ್ರಯೋಗಾಲಯ ಮುಟ್ಟಲಾರದು, ಮುಟ್ಟಬೇಕಾಗಿಯೂ ಇಲ್ಲ. ಮೇಡಂ ಕೇಳಿರುವುದು ಹೋಗಿಬರಬಹುದಾದ ಇನ್ನೊಂದು ಊರಿನ ಬಗ್ಗೆ. ಅದಕ್ಕೆ ಆಧಾರ ನನಗೆ ಉಪನಿಷತ್ತಿನಲ್ಲಿಯೂ ಕಾಣಲಿಲ್ಲ. ತಪ್ಪಿದ್ದರೆ ತಿದ್ದಬೇಕು.

ಪ್ರಶ್ನೆ (ಪಾಳಿ ಕೆಲಸಗಾರ, ರಾಯಚೂರು):

ಸರ್, ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದಾಗ ಎಚ್ಚರವಿದ್ದರೂ ಕೈಕಾಲು ಆಡುವುದಿಲ್ಲ, ಎದೆಯ ಮೇಲೆ ಯಾರೋ ಕೂತಿರುತ್ತಾರೆ. ಕೋಣೆ ನನ್ನದೇ, ಕಿಟಕಿಯ ಪರದೆಯೂ ಕಾಣುತ್ತದೆ. ಇದನ್ನು ಕನಸು ಎಂದು ಹೇಗೆ ಹೇಳುವುದು?

ಉತ್ತರ:

ಸಹೋದರರೇ, ನಿಮ್ಮ ಹೆದರಿಕೆ ಸಹಜ. ರೆಮ್ ನಿದ್ರೆಯಲ್ಲಿ ನಾವು ಕನಸಿಗೆ ತಕ್ಕಂತೆ ಎದ್ದು ಓಡದಿರಲೆಂದು ಮಿದುಳಿನ ಕಾಂಡವು ಸ್ನಾಯುಗಳನ್ನು ಸಡಿಲಿಸಿ ಇಟ್ಟಿರುತ್ತದೆ. ಕೆಲವೊಮ್ಮೆ ಅರಿವು ಮೊದಲು ಏಳುತ್ತದೆ, ಸ್ನಾಯುಗಳಿಗೆ ಶಕ್ತಿ ಮರಳುವುದು ತಡವಾಗುತ್ತದೆ. ಆ ಸಂದಿಯಲ್ಲಿ ಕಣ್ಣಿಗೆ ನಿಮ್ಮ ಕೋಣೆ ಕಾಣುತ್ತಿರುತ್ತದೆ, ಕನಸು ಇನ್ನೂ ಮುಗಿದಿರುವುದಿಲ್ಲ. ಎರಡೂ ಒಂದರ ಮೇಲೊಂದು ಕೂತಾಗ ಕೋಣೆಯೊಳಗೆ ಯಾರೋ ಬಂದಂತಾಗುತ್ತದೆ. ನಿದ್ರೆಗೆಡುವ ಪಾಳಿ ಕೆಲಸದವರಲ್ಲಿ, ಅಂಗಾತ ಮಲಗುವವರಲ್ಲಿ ಇದು ಹೆಚ್ಚು. ನಿದ್ರೆಯ ಹೊತ್ತನ್ನು ಆದಷ್ಟು ಒಂದೇ ರೀತಿ ಇಟ್ಟುಕೊಳ್ಳಿ, ಮಗ್ಗುಲಾಗಿ ಮಲಗಿ; ಬಂದಾಗ ಒಂದು ಬೆರಳನ್ನಷ್ಟೇ ಆಡಿಸಲು ಪ್ರಯತ್ನಿಸಿ. ಇದರ ಜೊತೆಗೆ ಹಗಲಿನಲ್ಲಿ ತಡೆಯಲಾಗದ ನಿದ್ರೆ ಬರುತ್ತಿದ್ದರೆ, ಅಥವಾ ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುತ್ತಿದ್ದರೆ, ತಡಮಾಡದೆ ವೈದ್ಯರನ್ನು ಕಾಣಿ. ಮನೆಯಲ್ಲಿ ಐವತ್ತು ದಾಟಿದವರು ನಿದ್ರೆಯಲ್ಲಿ ಕನಸಿಗೆ ತಕ್ಕಂತೆ ಒದೆಯುತ್ತ, ಕೈ ಬೀಸುತ್ತ ಇದ್ದರೆ ಅವರನ್ನೂ ನರರೋಗ ತಜ್ಞರಿಗೆ ತೋರಿಸಿ, ಏಕೆಂದರೆ ಅದು ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆಯಾಗಿರುತ್ತದೆ.

ಮೊದಲ ಪ್ರಶ್ನೆಯ ಶಿಕ್ಷಕಿ, ಮೂರು ವಾರಗಳ ನಂತರ:

ಡಾಕ್ಟರ್ ಅವರೇ, ನೀವು ಹೇಳಿದಂತೆ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಮೊನ್ನೆ ಗುರುವಾರ ಮನೆ ಕಂಡಿತು. ದೀಪ ಹಚ್ಚುವ ಮೊದಲೇ ಬರೆಯತೊಡಗಿದೆ. ಹೊಸ್ತಿಲು, ಪಡಸಾಲೆ, ಮೆಟ್ಟಿಲು ಎಲ್ಲವೂ ಮೊದಲಿನಂತೆಯೇ ಇದ್ದವು. ನಾಲ್ಕನೆಯ ಸಾಲಿನಲ್ಲಿ “ಒಳಗೆ ಕತ್ತಲಿತ್ತು, ಗೂಡಿನ ಪಕ್ಕದ ಸ್ವಿಚ್ ಹಾಕಿದೆ” ಎಂದು ಬರೆದು ಪೆನ್ನು ನಿಂತುಬಿಟ್ಟಿತು. ಆ ಊರು ಮುಳುಗುವವರೆಗೂ ಅಲ್ಲಿಗೆ ಕರೆಂಟು ಬಂದಿರಲಿಲ್ಲ. ಇಷ್ಟು ವರ್ಷ ಆ ಸ್ವಿಚ್ ಹಾಕುತ್ತಲೇ ಇದ್ದೆನೋ ಏನೋ, ಒಮ್ಮೆಯೂ ಅದು ವಿಚಿತ್ರವೆನಿಸಿರಲಿಲ್ಲ.

ಉತ್ತರ:

ಸ್ವಿಚ್ ಹೇಗಿತ್ತು, ನೆನಪಿದೆಯೇ? ಅಂಥದ್ದನ್ನು ಬೇರೆಲ್ಲಿಯಾದರೂ ಕಂಡಿದ್ದೀರಾ?

ಶಿಕ್ಷಕಿ:

ಮರದ ಹಲಗೆಯ ಮೇಲೆ ಕೂರಿಸಿದ ಕಪ್ಪನೆಯ ದುಂಡು ಸ್ವಿಚ್. ನಾನು ಬೆಳೆದ ಬಾಡಿಗೆ ಮನೆಯಲ್ಲಿ ಅಂಥದ್ದೇ ಇತ್ತು. ಅಜ್ಜಿ ಕೊನೆಯ ನಾಲ್ಕು ವರ್ಷ ನಮ್ಮೊಡನೆ ಅಲ್ಲಿಯೇ ಇದ್ದರು. ಹೊತ್ತು ಮುಳುಗಿದ ಮೇಲೆ ಆ ಸ್ವಿಚ್ ಹಾಕಿ, ನಮ್ಮನ್ನು ಸುತ್ತ ಕೂರಿಸಿಕೊಂಡು, ತವರುಮನೆಯ ಮಾತು ತೆಗೆಯುತ್ತಿದ್ದರು.

ಉತ್ತರ:

ಹಾಗಾದರೆ ನೀವು ಪ್ರತಿ ಸಲವೂ ಹೋಗುತ್ತಿದ್ದುದು ಅಜ್ಜಿಯ ಮಾತು ಕೇಳುತ್ತಿದ್ದ ಆ ಕೋಣೆಗೂ ಹೌದು. ಆ ಊರನ್ನು ಕಣ್ಣಾರೆ ಕಂಡವರು ಇನ್ನು ಕೆಲವರೇ ಉಳಿದಿರಬೇಕು. ನಿಮ್ಮ ನಕ್ಷೆಯನ್ನು ತೋರಿಸದೆ, ಸಣ್ಣಜ್ಜನವರಿಂದಲೇ ಮನೆಯ ನಕ್ಷೆ ಬರೆಸಿಕೊಳ್ಳಿ.

ಶಿಕ್ಷಕಿ:

ಇವತ್ತು ಬಂದಿದ್ದಾರೆ. ಹಾಳೆ, ಪೆನ್ಸಿಲ್ ಕೊಟ್ಟಿದ್ದೇನೆ. ಹೊಸ್ತಿಲಿನಿಂದ ಶುರು ಮಾಡಿದ್ದಾರೆ.