ಭಾವ, ನಾಲ್ಕೂ ಕಾಯಿಲ್ ಈಗಲೇ ಹಾಕಿಸಬೇಡಿ

ಭಾವ, ನಿಮ್ಮ ಮೆಸೇಜ್ ಈಗ ನೋಡಿದೆ. ನಿಂತಲ್ಲೇ ಕಾರು ನಡುಗುತ್ತದೆ, ಎಂಜಿನ್ ಲೈಟ್ ಬಂದಿದೆ, ಸ್ಕ್ಯಾನರ್‌ನಲ್ಲಿ ಪಿ0302 ಅನ್ನುವ ಕೋಡ್ ಬಂತು, ಗ್ಯಾರೇಜಿನವರು ಕಿಡಿಗೆ ಕರೆಂಟ್ ಕೊಡುವ ನಾಲ್ಕೂ ಕಾಯಿಲ್ ಬದಲಾಯಿಸಿ ಅಂದರು. ಇಷ್ಟೇ ಅಲ್ವಾ? ಸ್ವಲ್ಪ ತಡೆಯಿರಿ. ಆ ಕೊನೆಯ 2 ಅಂದರೆ ಎರಡನೇ ಸಿಲಿಂಡರ್. ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಮಾತ್ರ ಕೋಡ್ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ನಿಮ್ಮದರಲ್ಲಿ ಕಿಡಿ ಹಾರಿಸುವ ಒಂದೊಂದು ಪ್ಲಗ್ಗಿಗೂ ಒಂದೊಂದು ಕಾಯಿಲ್ ಇದೆ. ಒಳ್ಳೆಯದೇ ಆಯಿತು. ಎಂಜಿನ್ ತಣ್ಣಗಾದ ಮೇಲೆ ಎರಡನೆಯದರ ಕಾಯಿಲ್ ಮೂರಕ್ಕೆ, ಮೂರನೆಯದು ಎರಡಕ್ಕೆ ಕೂರಿಸಲು ಹೇಳಿ. ಕೋಡ್ ಅಳಿಸಿ ಒಂದು ಸುತ್ತು ಓಡಿಸಿ. ಪಿ0303 ಬಂತೋ, ಕಳ್ಳ ಸಿಕ್ಕಿದ. ಒಂದೇ ಕಾಯಿಲ್ ಸಾಕು. ಮತ್ತೆ 0302 ಬಂದರೆ ಕಾಯಿಲ್ ತಪ್ಪಿಲ್ಲ. ಆಗ ಪ್ಲಗ್ಗನ್ನೂ ಹೀಗೇ ಅದಲುಬದಲು ಮಾಡಿ ನೋಡಬೇಕು.

ಪ್ಲಗ್ ಬಿಚ್ಚಿದಾಗ ಕಣ್ಣಿಟ್ಟು ನೋಡಿ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಇದ್ದರೆ, ಕಿಡಿ ಹೊರಗಿಂದಲೇ ಹಾರಿಹೋಗುತ್ತಿದೆ ಅಂತ ಅರ್ಥ. ನನ್ನ ಹಳೇ ಕಾರಿಗೆ ಸುಮ್ನೆ ಎರಡು ಸಲ ಕಾಯಿಲ್ ಹಾಕಿಸಿದ್ದೆ, ಗೊತ್ತಲ್ಲ. ಮೂರನೇ ಸಲ ನಾನೇ ತೆಗೆದು ನೋಡಿದರೆ ಕಾಯಿಲ್‌ನ ರಬ್ಬರ್ ತುದಿ ಆಯಿಲ್‌ನಲ್ಲಿ ನೆಂದು ಮಿರಮಿರ ಹೊಳೆಯುತ್ತಿತ್ತು! ಎಂಜಿನ್ ಮೇಲಿನ ಮುಚ್ಚಳದ ಸೀಲ್, ಅಂದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿ ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿತ್ತು. ಹೊಸ ಕಾಯಿಲ್ ಹಾಕಿದರೆ ಅದೂ ಅದರಲ್ಲೇ ಸ್ನಾನ.

ಕಿಡಿ ಸರಿ ಇದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನೋಡಿಸಿ. ಅದೂ ಸರಿ ಇದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡದ ಅಳತೆ. ಕಡಿಮೆ ಬಂದರೆ ಆ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಏರಿದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್). ಅಂದ ಹಾಗೆ, ಎಂಜಿನ್ ತಣ್ಣಗಿಡುವ ಕೂಲಂಟ್ ಇಳಿಯುತ್ತಿದೆಯಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಡುಕ ಜಾಸ್ತಿಯಾ? ಎರಡೂ ಹೌದಾದರೆ ನನಗೆ ಹೆಡ್ ಗ್ಯಾಸ್ಕೆಟ್ ಮೇಲೇ ಅನುಮಾನ.

ಪಿ0300, ಅಂದರೆ ಒಂದೇ ಅಲ್ಲ, ಬೇರೆ ಬೇರೆ ಸಿಲಿಂಡರ್‌ನಲ್ಲಿ ಉರಿ ತಪ್ಪುತ್ತಿದೆ ಅನ್ನುವ ಕೋಡ್ ಬಂದಿದ್ದರೆ ಕಥೆ ಬೇರೆ. ಆಗ ಎಲ್ಲ ಸಿಲಿಂಡರ್‌ಗೂ ಸೇರಿದ್ದನ್ನು ಹುಡುಕಬೇಕು, ಅಂದರೆ ಗಾಳಿ ಎಳೆಯುವ ಒಡೆದ ಪೈಪ್, ಸೋತ ಪೆಟ್ರೋಲ್ ಪಂಪ್ ಇಂಥವು.

ಅಕ್ಕನಿಗೂ ಹೇಳಿಬಿಡಿ. ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಣುಕ್ ಮಿಣುಕ್ ಅಂದರೆ ಪಕ್ಕಕ್ಕೆ ಹಾಕಿ ಆಫ್ ಮಾಡಲಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ, ಅದು ಕೆಟ್ಟರೆ ಕಾಯಿಲ್ ಖರ್ಚು ಏನೂ ಅಲ್ಲ.

ನಾಳೆ ಕಾಯಿಲ್ ತೆಗೆದಾಗ ಒಂದು ಫೋಟೊ ಹಾಕಿ ಭಾವ, ರಬ್ಬರ್ ತುದಿ ಕಾಣುವ ಹಾಗೆ.