ಸ್ಕ್ವಾಟ್: ಅರ್ಧಕ್ಕೆ ನಿಲ್ಲಿಸಬೇಕೇ, ಪೂರ್ತಿ ಇಳಿಯಬೇಕೇ?

ಬೆಣ್ಣೆನಗರಿಯವಳು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ವಯಸ್ಸು ನಲವತ್ತು ದಾಟಿದೆ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ವರ್ಷದಿಂದ ಮನೆ ಹತ್ತಿರದ ಜಿಮ್‌ಗೆ ಹೋಗುತ್ತಿದ್ದೇನೆ. ಸ್ಕ್ವಾಟ್ (ಭಾರ ಹೊತ್ತು ಬಸ್ಕಿಯಂತೆ ಕುಳಿತು ಏಳುವ ವ್ಯಾಯಾಮ) ಮಾಡುವಾಗ ನಮ್ಮ ತರಬೇತುದಾರರು, "ಮೇಡಂ, ಅರ್ಧಕ್ಕೇ ನಿಲ್ಲಿಸಿ, ಪೂರ್ತಿ ಕುಳಿತರೆ ಮಂಡಿ ಸವೆಯುತ್ತದೆ" ಎನ್ನುತ್ತಾರೆ. ಅದೇ ಜಿಮ್‌ಗೆ ಬರುವ ಇಂಜಿನಿಯರಿಂಗ್ ಹುಡುಗನೊಬ್ಬ ಮೀನಖಂಡದ ವ್ಯಾಯಾಮ ಮಾಡುವಾಗ ಹಿಮ್ಮಡಿಯನ್ನು ಕೆಳಗಿನ ಅರ್ಧದಲ್ಲೇ ಆಡಿಸುತ್ತಾನೆ, ಮೇಲಕ್ಕೆ ಏರುವುದೇ ಇಲ್ಲ. ಕೇಳಿದರೆ, "ಹೊಸ ಸಂಶೋಧನೆ ಹೀಗೇ ಹೇಳುತ್ತದೆ ಅಕ್ಕಾ" ಎಂದ. ಇಬ್ಬರೂ ಅರ್ಧ ಸಾಕು ಎನ್ನುವವರೇ. ಆದರೆ ಒಬ್ಬರದು ಮೇಲಿನ ಅರ್ಧ, ಇನ್ನೊಬ್ಬನದು ಕೆಳಗಿನ ಅರ್ಧ. ಯಾರನ್ನು ನಂಬಲಿ? ನನಗೆ ಮಂಡಿನೋವಿಲ್ಲ. ತೊಡೆಗೆ ಬಲ ಬರಬೇಕು, ನೆಲದ ಮೇಲೆ ಕುಳಿತರೆ ಕೈಯೂರದೆ ಏಳುವಂತಿರಬೇಕು. ಅಷ್ಟೇ ಆಸೆ.

ಕುಂದಾಪುರದ ಬಾರ್ಬೆಲ್:

ಮೇಡಂ, ಉತ್ತರದ ಮುಕ್ಕಾಲು ಪಾಲನ್ನು ನೀವೇ ಬರೆದುಬಿಟ್ಟಿದ್ದೀರಿ. ಅರ್ಧವೋ ಪೂರ್ತಿಯೋ ಎಂದು ವಾದಿಸುವವರು ಯಾವ ಅರ್ಧ ಎಂದು ಕೇಳುವುದನ್ನೇ ಮರೆಯುತ್ತಾರೆ. ನೀವು ಅದನ್ನೇ ಕೇಳಿದ್ದೀರಿ.

ನಾನು ಪವರ್‌ಲಿಫ್ಟಿಂಗ್ ಕಲಿಸುತ್ತೇನೆ, ಜಿಲ್ಲಾ ಮಟ್ಟದ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿಯೂ ಕೂರುತ್ತೇನೆ. ಸ್ನಾಯು ಹಿಗ್ಗಿದ ಸ್ಥಿತಿಯಲ್ಲಿ (ಸ್ಕ್ವಾಟ್‌ನಲ್ಲೂ ಮೀನಖಂಡದ ವ್ಯಾಯಾಮದಲ್ಲೂ ಅದು ಕೆಳಗಿನ ಅರ್ಧ) ಭಾರ ಹೊತ್ತಾಗ ಹೆಚ್ಚು ಬೆಳೆಯುತ್ತದೆ ಎಂಬುದಕ್ಕೆ ಈಗ ಒಳ್ಳೆಯ ಆಧಾರಗಳಿವೆ. ನಿಮ್ಮ ಇಂಜಿನಿಯರಿಂಗ್ ಹುಡುಗ ಹೇಳುತ್ತಿರುವುದು ಬಹುಶಃ 2023ರಲ್ಲಿ ಪ್ರಕಟವಾದ ಮೀನಖಂಡದ ಅಧ್ಯಯನದ ಮಾತು. ಯುವತಿಯರನ್ನು ಮೂರು ಗುಂಪು ಮಾಡಿ 8 ವಾರ ಅಭ್ಯಾಸ ಮಾಡಿಸಿದ್ದರು. ಮೀನಖಂಡದ ಒಳಬದಿಯ ಸ್ನಾಯು ಕೆಳಗಿನ ಅರ್ಧ ಮಾಡಿದವರಲ್ಲಿ ಸುಮಾರು ಶೇ 15, ಪೂರ್ತಿ ಮಾಡಿದವರಲ್ಲಿ ಶೇ 7ರ ಆಸುಪಾಸು, ಮೇಲಿನ ಅರ್ಧ ಮಾಡಿದವರಲ್ಲಿ ಬರೀ ಶೇ 3ರಷ್ಟು ದಪ್ಪವಾಯಿತು. ತೊಡೆಯ ಮುಂಭಾಗಕ್ಕೆ, ಕುಳಿತು ಕಾಲನ್ನು ಮುಂದಕ್ಕೆ ಚಾಚುವ ಲೆಗ್ ಎಕ್ಸ್‌ಟೆನ್ಷನ್ ಯಂತ್ರದಲ್ಲಿ ನಡೆಸಿದ 12 ವಾರಗಳ ಇನ್ನೊಂದು ಅಧ್ಯಯನವೂ ಮಂಡಿ ಹೆಚ್ಚು ಮಡಚಿರುವ ಭಾಗದ ಪರವಾಗಿಯೇ ಬಂತು.

ಹಾಗಾದರೆ ಹುಡುಗನದೇ ಸರಿಯೇ? ಮೀನಖಂಡದ ಮಟ್ಟಿಗೆ ಹೌದು, ಅವನನ್ನು ಅವನ ಪಾಡಿಗೆ ಬಿಡಿ. ಎಲ್ಲ ವ್ಯಾಯಾಮಕ್ಕೂ ಅದನ್ನೇ ಎಳೆದು ತರಬಾರದು. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲೇ ಜಿಮ್ ಅಭ್ಯಾಸವಿದ್ದವರಿಂದ ಒಂದು ಕೈಗೆ ಪೂರ್ತಿ ಚಲನೆ, ಇನ್ನೊಂದು ಕೈಗೆ ಹಿಗ್ಗಿದ ಅರ್ಧ ಮಾತ್ರ ಮಾಡಿಸಿದರು. ಎರಡೂ ಕೈಗಳ ಬೆಳವಣಿಗೆ ಹೆಚ್ಚುಕಡಿಮೆ ಒಂದೇ. ಪೂರ್ತಿ ಇಳಿಯುವವರು ಹೇಗೂ ಆ ಕೆಳಗಿನ ಅರ್ಧವನ್ನು ದಾಟಿಯೇ ಬರುತ್ತಾರಲ್ಲ, ಅವರು ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ನಿಜವಾಗಿ ಕಳೆದುಕೊಳ್ಳುವವರು ಮೇಲಿನ ಅರ್ಧದಲ್ಲೇ ನಿಲ್ಲುವವರು. ದುಃಖವೆಂದರೆ ನಮ್ಮ ಜಿಮ್‌ಗಳಲ್ಲಿ ಅರ್ಧ ರೆಪ್ (ಅರ್ಧಕ್ಕೆ ನಿಲ್ಲಿಸುವ ಚಲನೆ) ಎಂದರೆ ಹತ್ತರಲ್ಲಿ ಒಂಬತ್ತು ಸಲ ಅದೇ. ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಯಂತ್ರಕ್ಕೆ ಎರಡೂ ಕಡೆ ಪ್ಲೇಟು ತುಂಬಿ, ಮಂಡಿ ಒಂದು ಗೇಣು ಮಡಚುವ ಹೊತ್ತಿಗೆ ವಾಪಸ್ ತಳ್ಳುತ್ತಾರೆ. ಭಾರ ಕಣ್ಣಿಗೆ ಕಾಣುತ್ತದೆ, ತೊಡೆಗೆ ತಲುಪುವುದಿಲ್ಲ.

ಸ್ಕ್ವಾಟ್‌ನ ವಿಷಯಕ್ಕೆ ಬರುತ್ತೇನೆ. 2019ರ ಜಪಾನಿನ ಅಧ್ಯಯನವೊಂದು 10 ವಾರ ಪೂರ್ತಿ ಸ್ಕ್ವಾಟ್ ಮತ್ತು ಅರ್ಧ ಸ್ಕ್ವಾಟ್ ಹೋಲಿಸಿತು. ತೊಡೆಯ ಮುಂಭಾಗ ಎರಡರಲ್ಲೂ ಬೆಳೆಯಿತು. ಆದರೆ ಪೃಷ್ಠದ ಸ್ನಾಯು ಮತ್ತು ಒಳತೊಡೆ ಪೂರ್ತಿ ಇಳಿದವರಲ್ಲೇ ಹೆಚ್ಚು ಬೆಳೆದವು. ನೆಲದಿಂದ ಕೈಯೂರದೆ ಏಳಲು ನಿಮಗೆ ಬೇಕಾದದ್ದು ಅವೇ. ನಮ್ಮ ಕುಂದಾಪುರ ಕಡೆಯ ಪಿ. ಗುರುರಾಜ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ ಗೆದ್ದರು. ವೇಟ್‌ಲಿಫ್ಟಿಂಗ್‌ನಲ್ಲಿ ಬಾರ್ ಎಳೆದವರು ಅದರಡಿಗೆ ಪೂರ್ತಿ ಕುಳಿತು, ಅಲ್ಲಿಂದ ಏಳಬೇಕು. ಅರ್ಧಕ್ಕೆ ಕುಳಿತು ಆ ಆಟ ಕಲಿಯಲು ಬರುವುದಿಲ್ಲ.

ಮಂಡಿ ನೋಡುವವಳು:

ನಾನು ಫಿಸಿಯೋಥೆರಪಿಸ್ಟ್. ಮಂಡಿಯ ಭಯದ ಬಗ್ಗೆ ಒಂದೆರಡು ಮಾತು. ಪೂರ್ತಿ ಕುಳಿತರೆ ಮಂಡಿಯ ಕಟ್ಟುಗಳು ಸಡಿಲವಾಗುತ್ತವೆ ಎಂಬ ಮಾತು ಹಬ್ಬಿದ್ದು 1961ರಲ್ಲಿ, ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಪ್ರಕಟಿಸಿದ ಅಧ್ಯಯನದಿಂದ. ಆಮೇಲಿನ ಸಂಶೋಧನೆಗಳು ಅದನ್ನು ಎತ್ತಿಹಿಡಿಯಲಿಲ್ಲ, ಮಾತು ಮಾತ್ರ ಜಿಮ್‌ನಿಂದ ಜಿಮ್‌ಗೆ ದಾಟುತ್ತಲೇ ಇದೆ. ಮಂಡಿ ಸುಮಾರು 90 ಡಿಗ್ರಿ ಮಡಚಿದಾಗ ಅದರ ಚಿಪ್ಪಿನ ಮೇಲೆ ಒತ್ತಡ ಜೋರಾಗಿರುತ್ತದೆ. ಇನ್ನೂ ಕೆಳಗೆ ಹೋದರೆ ತೊಡೆಯ ಹಿಂಭಾಗ ಮೀನಖಂಡಕ್ಕೆ ತಾಗಿ ಭಾರದ ಒಂದು ಪಾಲನ್ನು ಹೊರುತ್ತದೆ. ಪೂರ್ತಿ ಇಳಿಯುವವರಿಗಿಂತ ಹೆಚ್ಚು ಭಾರ ಹೊತ್ತು, ಸರಿಯಾಗಿ ಆ 90 ಡಿಗ್ರಿಯಲ್ಲಿ ಗಕ್ಕನೆ ನಿಲ್ಲುವುದರಲ್ಲಿ ಮಂಡಿಗೆ ಯಾವ ರಕ್ಷಣೆಯೂ ಇಲ್ಲ. ಆದರೆ ಶಸ್ತ್ರಚಿಕಿತ್ಸೆ ಆದವರು, ಮಂಡಿ ಊತ ಇರುವವರು ಎಷ್ಟು ಇಳಿಯಬೇಕೆಂಬುದನ್ನು ಇಲ್ಲಿ ಕೇಳಬೇಡಿ, ವೈದ್ಯರ ಬಳಿ ಹೋಗಿ. ನೋವಿಲ್ಲದಷ್ಟು ದೂರದ ಅರ್ಧ ಚಲನೆ ಅವರಿಗೆ ನಿಜಕ್ಕೂ ಔಷಧಿ.

ಮೈಸೂರು ಗರಡಿ:

ಗರಡಿಯಲ್ಲಿ ನಮಗೆ ಬಸ್ಕಿ ಕಲಿಸಿದ್ದೇ ತಳದವರೆಗೆ. ಆದರೆ ಬಾರ್ಬೆಲ್ ಅಣ್ಣಾ, ಸ್ಪರ್ಧೆಗೆ ಹೋಗುವವರು ಬೆಂಚಿನ ಮೇಲೆ ಮಲಗಿ ಬಾರ್ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ಎದೆಯ ಮೇಲೆ ಹಲಗೆ ಇಟ್ಟು ಮೇಲಿನ ಭಾಗ ಮಾತ್ರ ತಳ್ಳುತ್ತಾರಲ್ಲ, ಅದು ವ್ಯರ್ಥವೇ?

ಕುಂದಾಪುರದ ಬಾರ್ಬೆಲ್:

ವ್ಯರ್ಥವಲ್ಲ ತಮ್ಮಾ. ಬಲ ಯಾವ ಕೋನದಲ್ಲಿ ದುಡಿಯುತ್ತದೋ ಆ ಕೋನದಲ್ಲೇ ಹೆಚ್ಚು ಬೆಳೆಯುತ್ತದೆ. ಬಾರ್ ಎದೆಯಿಂದ ಎದ್ದು ಮೊಣಕೈ ನೆಟ್ಟಗಾಗುವ ಮೊದಲು ಸಿಕ್ಕಿಬೀಳುವವರಿಗೆ ಹಲಗೆ ಉಪಯೋಗಕ್ಕೆ ಬರುತ್ತದೆ. ಅದೂ ಪೂರ್ತಿ ಬೆಂಚ್ ಪ್ರೆಸ್ ಮುಗಿಸಿದ ಮೇಲೆ. ಸ್ಕ್ವಾಟ್‌ನಲ್ಲಿ ಸೊಂಟದ ಕೀಲಿನ ಬಳಿ ತೊಡೆಯ ಮೇಲ್ಭಾಗ ಮಂಡಿಯ ಮೇಲ್ತುದಿಗಿಂತ ಕೆಳಗೆ ಇಳಿಯಲೇಬೇಕೆಂದು ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ ನಿಯಮವಿದೆ. 2023ರಿಂದ ಬೆಂಚ್ ಪ್ರೆಸ್‌ಗೂ ಮೊಣಕೈ ಎಷ್ಟು ಇಳಿಯಬೇಕೆಂದು ಹೇಳಿದ್ದಾರೆ. ತೀರ್ಪುಗಾರರ ಕುರ್ಚಿಯಿಂದ ನೋಡಿದರೆ ಅರ್ಧಕ್ಕೆ ಎದ್ದವರಿಗೆ ಎಷ್ಟು ಭಾರ ಎತ್ತಿದರೂ ಕೆಂಪು ದೀಪವೇ, ಅಂದರೆ ಎತ್ತಿದ್ದು ಲೆಕ್ಕಕ್ಕಿಲ್ಲ.

ಬೆಣ್ಣೆನಗರಿಯವಳು:

ಎಲ್ಲರಿಗೂ ಧನ್ಯವಾದ. ಬಾರ್ಬೆಲ್ ಸರ್, ಪೂರ್ತಿ ಇಳಿಯಲು ಹೋದರೆ ನನ್ನ ಹಿಮ್ಮಡಿ ನೆಲ ಬಿಡುತ್ತದೆ, ಮುಂದಕ್ಕೆ ವಾಲುತ್ತೇನೆ. ಏನು ಮಾಡಲಿ?

ಕುಂದಾಪುರದ ಬಾರ್ಬೆಲ್:

ಹಿಮ್ಮಡಿಯ ಕೆಳಗೆ ಎರಡೂವರೆ ಕೆ.ಜಿ.ಯ ಪ್ಲೇಟು ಒಂದೊಂದು ಇಟ್ಟುಕೊಳ್ಳಿ. ಬಾರ್ ಬಿಟ್ಟು, ಹಗುರವಾದ ಡಂಬೆಲ್ ಒಂದನ್ನು ನಿಲ್ಲಿಸಿ ಎರಡೂ ಅಂಗೈಯಲ್ಲಿ ಎದೆಗೆ ಹಿಡಿಯಿರಿ. ಮುಂದಿನ ಆ ಭಾರವೇ ನಿಮ್ಮನ್ನು ಹಿಂದಕ್ಕೆ ಕೂರಲು ಬಿಡುತ್ತದೆ. ಮೂರೆಣಿಸುತ್ತಾ ಇಳಿಯಿರಿ, ಮಂಡಿಗಳು ಕಾಲ್ಬೆರಳಿನ ದಿಕ್ಕಿಗೇ ಹೋಗಲಿ, ತಳದಲ್ಲಿ ಒಂದು ಕ್ಷಣ ನಿಂತು ಏಳಿ. ಸೊಂಟದ ಕೆಳಭಾಗ ಒಳಕ್ಕೆ ಮಡಚಿಕೊಂಡರೆ ಅದಕ್ಕಿಂತ ತುಸು ಮೇಲೆಯೇ ಆ ದಿನದ ನಿಮ್ಮ ತಳ. ಮೊಬೈಲನ್ನು ಮಂಡಿಯ ಎತ್ತರದಲ್ಲಿ ಪಕ್ಕಕ್ಕಿಟ್ಟು ಚಿತ್ರೀಕರಿಸಿ ಇಲ್ಲಿ ಹಾಕಿ, ಮುಖ ಕಾಣಬೇಕಿಲ್ಲ. ಭಾರ ಹೆಚ್ಚಿಸುವ ಮಾತು ಅದನ್ನು ನೋಡಿದ ಮೇಲೆ.