ಸಿಂಗಳೀಕ ನೋಡೋಕೆ ಶರಾವತಿ ಕಣಿವೆಯೋ, ಆಗುಂಬೆ ಘಾಟಿಯೋ?

ಮಲ್ಲಿಗೆಬಳ್ಳಿ:
ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಪ್ಪನನ್ನು ಕರೆದುಕೊಂಡು ಸಿಂಗಳೀಕ, ಅಂದ್ರೆ ಸಿಂಹಬಾಲದ ಕೋತಿ, ನೋಡಲು ಹೋಗಬೇಕು ಅಂತಿದ್ದೇನೆ. ಆನೆ, ಹುಲಿ ಎಲ್ಲ ಆಯ್ತು, ಇದೊಂದನ್ನು ಕಾಡಲ್ಲೇ ನೋಡಬೇಕು ಅನ್ನೋದು ಅವರ ಹಟ. ಆದರೆ ಮಂಡಿನೋವು, ಜಾಸ್ತಿ ಹತ್ತಿ ಇಳಿಯೋಕೆ ಆಗಲ್ಲ. ಶರಾವತಿ ಕಣಿವೆಯಲ್ಲಿ ಸಿಂಗಳೀಕಕ್ಕೆಂದೇ ಅಭಯಾರಣ್ಯ ಇದೆಯಲ್ಲ, ಅಲ್ಲಿಗೆ ಹೋಗೋದಾ? ಇಲ್ಲ ಆಗುಂಬೆ ಘಾಟಿಯೇ ಸಾಕಾ? ಮುಸುವಕ್ಕೂ ಇದಕ್ಕೂ ವ್ಯತ್ಯಾಸ ದೂರದಿಂದ ಗೊತ್ತಾಗುತ್ತಾ?

ಕಾಡುಹಾದಿ:
ಶರಾವತಿ ಕಣಿವೆ ಮತ್ತು ಅಘನಾಶಿನಿ ಭಾಗ ಸೇರಿಸಿ 2019ರಲ್ಲಿ ಸಿಂಗಳೀಕ ಅಭಯಾರಣ್ಯ ಮಾಡಿದರು. ಸುಮಾರು 930 ಚದರ ಕಿಲೋಮೀಟರ್. ಈ ಪ್ರಾಣಿ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಅದರ ಉತ್ತರದ ತುದಿ ಇದೇ ಕಾಡು. ಆದರೆ ಹುಲಿ ಕಾಡಿನ ಜೀಪ್ ಸಫಾರಿ ನೆನೆಸಿಕೊಂಡು ಹೋಗಬೇಡಿ. ದಟ್ಟ ಕಾಡು, ಕಡಿದಾದ ಕಣಿವೆ. ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮೊದಲೇ ಕೇಳಿಕೊಳ್ಳಿ.

ಗುರುತು ಸುಲಭ. ಮುಸುವದ ಮೈ ಬೂದು, ಮುಖ ಕಪ್ಪು, ಬಾಲ ಮೈಗಿಂತ ಉದ್ದ. ಸಿಂಗಳೀಕದ್ದು ಮೈ ಕಪ್ಪು, ಮುಖದ ಸುತ್ತ ಬೂದು ಕೇಸರ, ಗಿಡ್ಡ ಬಾಲದ ತುದಿಯಲ್ಲಿ ಕುಚ್ಚು. ಕೇಸರ ಗಂಡಿಗೆ ಮಾತ್ರ ಅಂದ್ಕೋಬೇಡಿ, ಹೆಣ್ಣಿಗೂ ಇರುತ್ತೆ. ತೀರಾ ಎಳೆಮರಿಗೆ ಇರಲ್ಲ.

ಘಾಟಿ ಡ್ರೈವರ್:
ಮೇಡಂ, ನಾನು ಹೆಬ್ರಿಯಿಂದ ತೀರ್ಥಹಳ್ಳಿಗೆ ತರಕಾರಿ ವ್ಯಾನ್ ಓಡಿಸ್ತೇನೆ. ಘಾಟಿಯ ಕಾಡು ಸೋಮೇಶ್ವರ ಅಭಯಾರಣ್ಯಕ್ಕೆ ಸೇರಿದ್ದು. ಸಿಂಗಳೀಕ ಖಂಡಿತ ಇವೆ, ನಿಮ್ಮ ಅಪ್ಪ ಕಾರಿನಿಂದ ಇಳಿಯೋದೂ ಬೇಡ. ನನ್ನ ತಕರಾರು ಅದೇ.

ಹಿಮ್ಮುರಿ ತಿರುವಿನಲ್ಲೇ ಕಾರು ನಿಲ್ಲಿಸ್ತಾರೆ. ಕಿಟಕಿಯಿಂದ ಪ್ಯಾಕೆಟ್ ಹೊರಗೆ ಬಂತೋ, ಮೊದಲು ಮಾಮೂಲಿ ಮಂಗ, ಅವುಗಳ ಹಿಂದೆ ಇವು. ಮೊನ್ನೆ ಒಂದು ತಡೆಗೋಡೆ ಮೇಲೆ ಕೂತಿತ್ತು. ಕ್ರೀಮ್ ಬಿಸ್ಕೆಟನ್ನು ಉಗುರಲ್ಲಿ ಎರಡು ಹೋಳು ಮಾಡಿ, ಒಳಗಿನ ಕ್ರೀಮ್ ಮಾತ್ರ ನೆಕ್ಕಿ, ಬಿಸ್ಕೆಟ್ ಪ್ರಪಾತಕ್ಕೆ ಎಸೆಯಿತು. ಹೊಟ್ಟೆಯ ಮೇಲೆ ಮರಿ ನೇತಾಡ್ತಿತ್ತು. ಜನ ಮುತ್ತಿಕೊಂಡು ಫೋಟೊ ತೆಗೆದದ್ದೇ ತೆಗೆದದ್ದು. ಮರದಿಂದ ಮರಕ್ಕೆ ಹಾರಿ ಬದುಕುವ ಪ್ರಾಣಿ, ಅದಕ್ಕೆ ರಸ್ತೆಯಲ್ಲಿ ಏನು ಕೆಲಸ? ಗಾಡಿಗೆ ಸಿಕ್ಕಿ ಸತ್ತದ್ದನ್ನೂ ನೋಡಿದ್ದೇನೆ.

ನೋಡಲೇಬೇಡಿ ಅಂತ ಹೇಳ್ತಿಲ್ಲ. ಮಂಜು ಬಿಟ್ಟ ಮೇಲೆ ಬೆಳಿಗ್ಗೆ ಬನ್ನಿ. ತಿರುವಿನಲ್ಲಿ ಬೇಡ, ಮೇಲೆ ಆಗುಂಬೆಯಲ್ಲಿ ಸರಿಯಾದ ಜಾಗ ನೋಡಿ ಗಾಡಿ ಹಾಕಿ, ಇಂಜಿನ್ ಆಫ್ ಮಾಡಿ. ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡಿ. ಗಂಡು ಕೂಗಿದರೆ ಯಾರೋ ಆಚೆ ಗುಡ್ಡದಿಂದ ಕರೆದ ಹಾಗಿರುತ್ತೆ. ಗಾಳಿಯೇ ಇಲ್ಲದೆ ಒಂದೇ ಮರ ಅಲ್ಲಾಡ್ತಿದ್ದರೆ, ಅರ್ಧ ಕಚ್ಚಿದ ಹಣ್ಣು ಟಪ್ ಅಂತ ಬಿದ್ದರೆ, ಮೇಲೆ ನೋಡಿ. ಮುಸುವವೂ ಇರಬಹುದು, ನೋಡಿದ ಮೇಲೇ ಗೊತ್ತಾಗೋದು. ಸಿಂಗಳೀಕ ರಸ್ತೆಗಿಳಿದು ನಿಮ್ಮ ಹತ್ತಿರ ಬಂದರೆ ಕಿಟಕಿ ಏರಿಸಿ ಮುಂದೆ ಹೋಗಿ.

ಸಂಜೆಮಲ್ಲಿ:
ಕಾಡಲ್ಲಿ ಹಣ್ಣಿಲ್ಲ ಅಂತಲೇ ಅಲ್ವಾ ಪಾಪ ರಸ್ತೆಗೆ ಬರೋದು? ಬಿಸ್ಕೆಟ್ ಬೇಡ, ಒಪ್ಪಿದೆ. ಒಂದು ಬಾಳೆಹಣ್ಣು ಕೊಟ್ಟರೆ ಏನಂತೆ?

ಕಾಡುಹಾದಿ:
ಹಸಿವೆಯಿಂದಲೇ ಬರುತ್ತೆ ಅನ್ನೋಕಾಗಲ್ಲ. ಕಾಡಲ್ಲಿ ಅದು ಇಡೀ ದಿನ ಹುಡುಕಿ ತಿನ್ನುತ್ತೆ. ಅತ್ತಿ ಜಾತಿಯ ಹಣ್ಣು, ತೊಗಟೆ ಕಿತ್ತು ಹುಳ, ಮಳೆಗಾಲದಲ್ಲಿ ಉಪ್ಪಾಗೆ ಅನ್ನೋ ಹುಳಿ ಕಾಡುಹಣ್ಣು. ರಸ್ತೆಯಲ್ಲಿ ಕೂತಲ್ಲೇ ಸಿಕ್ಕರೆ ಯಾಕೆ ಅಲೆಯುತ್ತೆ? ಹಣ್ಣಿನ ಚಿಂತೆ ನಿಜವಾಗಲೂ ಇದ್ದರೆ ಉಪ್ಪಾಗೆ ಬಗ್ಗೆ ಮಾತಾಡೋಣ. ಜನ ಅದರ ಸಿಪ್ಪೆ ಒಣಗಿಸಿ ಮಾರ್ತಾರೆ, ಕೊಯ್ಯುವಾಗ ಕೊಂಬೆಯನ್ನೇ ಕಡಿದರೆ ಮುಂದಿನ ವರ್ಷ ಮನುಷ್ಯರಿಗೂ ಇಲ್ಲ, ಸಿಂಗಳೀಕಕ್ಕೂ ಇಲ್ಲ.

ಇನ್ನೊಂದು ವಿಷಯ. ಹೆಣ್ಣು ಹೆರೋದು ಸಾಮಾನ್ಯವಾಗಿ ಒಂದೇ ಮರಿ. ಮುಂದಿನ ಮರಿಗೆ ವರ್ಷಗಳೇ ಹಿಡಿಯುತ್ತೆ. ರಸ್ತೆಯಲ್ಲಿ ಒಂದು ಹೆಣ್ಣು ಸತ್ತರೆ ಆ ಗುಂಪು ಬೇಗ ಚೇತರಿಸಿಕೊಳ್ಳಲ್ಲ.

ಘಾಟಿ ಡ್ರೈವರ್:
ಬಾಳೆಹಣ್ಣು ಕೊಟ್ಟವರು ಘಾಟಿ ಇಳಿದು ಮನೆ ಸೇರ್ತಾರೆ. ಅವು ಅಲ್ಲೇ ಕೂತು ಮುಂದಿನ ಕಾರು ಕಾಯ್ತವೆ. ಆ ಮುಂದಿನ ಕಾರು ನಿಲ್ಲದೇ ಇರಬಹುದು ಅಕ್ಕಾ.

ಮಲ್ಲಿಗೆಬಳ್ಳಿ:
ತುಂಬಾ ಉಪಕಾರ ಆಯ್ತು. ಅಪ್ಪನಿಗೆ ಓದಿ ಹೇಳಿದೆ. ಸಿಗದೇ ಹೋದರೆ ಮೈಸೂರು ಮೃಗಾಲಯದಲ್ಲಿ ಇದೆಯಲ್ಲ, ಅಲ್ಲೇ ನೋಡೋಣ ಅಂದಿದ್ದಕ್ಕೆ ಮುಖ ಊದಿಸಿಕೊಂಡರು. ಹಾಗಾಗಿ ಆಗುಂಬೆಯಲ್ಲೇ ಉಳಿದುಕೊಂಡು, ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಕೂರೋದು ಅಂತ ತೀರ್ಮಾನ. ಬೈನಾಕ್ಯುಲರ್ ಯಾವುದು ತಗೊಳ್ಳಲಿ?

ಕಾಡುಹಾದಿ:
8×42 ಸಾಕು, ಅಂದ್ರೆ ಎಂಟು ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಗಾಜು 42 ಮಿ.ಮೀ. ಜಾಸ್ತಿ ಪವರ್ ಇರೋದು ತಗೊಂಡರೆ ಕೈ ಸ್ವಲ್ಪ ನಡುಗಿದರೂ ಎಲ್ಲ ಅಲ್ಲಾಡುತ್ತೆ. ಕಪ್ಪು ಪ್ರಾಣಿ, ಕತ್ತಲೆ ಮರ, ಅದಕ್ಕೇ ಗಾಜು ದೊಡ್ಡದಿರಲಿ.

ಘಾಟಿ ಡ್ರೈವರ್:
ಕುರ್ಚಿ ಮರದ ಬುಡಕ್ಕೇ ಹಾಕಬೇಡಿ ಮೇಡಂ. ಮೇಲಿಂದ ಬೀಳೋದು ಹಣ್ಣು ಮಾತ್ರ ಅಲ್ಲ.